ಮೂರನೆಯ ಪ್ರಕಟಣೆ

ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರು ಓದಿ, ಅಡ್ಡಿಯಿದ್ದವರು ತಿಳಿಸಬೇಕೆಂದು ಕೇಳುವುದು ಆ ಚರ್ಚಿನ ಪದ್ಧತಿ. ಅಂದು ಮೂರನೆಯ ಭಾನುವಾರ. ವರನಿಗೆ ಬೇರೆ ಊರಿನಲ್ಲಿ ಹೆಂಡತಿಯಿದ್ದಾಳೆಂದು ಪಾಸ್ಟರಿಗೆ ಗೊತ್ತಿತ್ತು. ಅದನ್ನು ಹೇಳಿದ ಹೆಂಗಸು ಅವರ ಕೈಯನ್ನು ಬೈಬಲ್ಲಿನ ಮೇಲೆ ಇರಿಸಿ ಮಾತು ತೆಗೆದುಕೊಂಡಿದ್ದಳು.

"ನಿಮ್ಮ ಬಾಯಿಂದ ಇದು ಹೊರಗ ಬರಬಾರದ್ರೀ ಅಯ್ಯನವರ. ನಾ ಹೇಳೇನಂತ ಗೊತ್ತಾದ್ರ ನನ್ನನ್ನ ಮನಿಯಿಂದ ಹೊರಗ ಹಾಕತಾರ."

"ಹಂಗಾದ್ರ ಆ ಹುಡುಗಿ ಗತಿ ಏನವ್ವಾ?"

ಆಕೆ ಎದ್ದು ಹೊರಟುಹೋಗಿದ್ದಳು.

ಈಗ ಪಾಸ್ಟರು ಹೆಸರುಗಳನ್ನು ಓದಿದರು. "ಅಡ್ಡಿಯಿದ್ದವರು ಈಗಲೇ ಹೇಳಬೇಕು" ಎಂದು ನಿಂತರು. ನಿಂತೇ ಇದ್ದರು. ಮೊದಲ ಸಾಲಿನಲ್ಲಿ ವಧು ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದಳು.

"ಅಯ್ಯನವರು ಚಾಳೀಸು ಮರತು ಬಂದಾರೇನ, ಅಕ್ಷರ ಕಾಣವಲ್ವು?" ಹಿಂದಿನಿಂದ ಯಾರೋ ನಕ್ಕರು.

ವರನ ತಂದೆ ಸಭೆಯ ಹಿರಿಯರು. ಎದ್ದು ಗದರಿದರು: "ಯಾರೂ ಇಲ್ಲ. ಮುಂದ ಓದ್ರಿ."

"ಕಾಯ್ತೀನ್ರೀ."

"ಎಷ್ಟೊತ್ತು?"

"ದೇವರು ನಮ್ಮ ಸಲುವಾಗಿ ಎಷ್ಟೊತ್ತು ಕಾಯ್ತಾನೋ ಅಷ್ಟೊತ್ತು."

ಕೊನೆಗೆ ಹೆಂಗಸರ ಕಡೆಯಿಂದ, ಮಾತು ತೆಗೆದುಕೊಂಡಿದ್ದ ಆಕೆಯೇ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೇಳಿದಳು:

"ಅಡ್ಡಿ ಐತ್ರೀ. ನನ್ನ ಮಗನಿಗೆ ಲಗ್ನ ಆಗೇತಿ."