ಎತ್ತಿ ಕಟ್ಟಿದ ತುರುಬು

“ಅಯ್ಯೋ, ತುರುಬು!” ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ಸಿಸ್ಟರ್ ಸರಕ್ಕನೆ ಎಳೆದುಕೊಂಡರು. ಚರ್ಮದ ಆಸ್ಪತ್ರೆಯ ಅತಿನೇರಳೆ ಬೆಳಕಿನ ಪೆಟ್ಟಿಗೆಯೊಳಗೆ, ಚಿಕಿತ್ಸೆಗೆಂದು ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಬ್ಯೂಟಿ ಪಾರ್ಲರಿನವಳು ಬೆಚ್ಚಿದಳು.

“ಇಷ್ಟು ದಿನ ಕೂದಲು ಇಳಿಬಿಟ್ಕೊಂಡೇ ನಿಂತಿದ್ರಿ. ಮೈಗೆ ಚೂರುಚೂರೇ ಬೆಳಕು ಜಾಸ್ತಿ ಮಾಡಿ ಅಭ್ಯಾಸ ಮಾಡ್ಸಿದೀನಿ. ಕತ್ತು ಒಂದು ದಿನಾನೂ ಬೆಳಕು ಕಂಡಿಲ್ಲ. ಇವತ್ತಿನಷ್ಟು ಬೆಳಕು ಒಂದೇ ಸಲಕ್ಕೆ ಬಿದ್ದಿದ್ರೆ ಸುಟ್ಟು ಬೊಬ್ಬೆ ಏಳ್ತಿತ್ತು! ಇಳಿಬಿಡಿ ಮೊದ್ಲು.”

ಅವಳು ಇಳಿಬಿಡಲಿಲ್ಲ, ಬೆನ್ನು ತಿರುಗಿಸಿದಳು. ಕೂದಲಂಚಿನಿಂದ ಕತ್ತಿನ ಬುಡದವರೆಗೂ ಸೋರಿಯಾಸಿಸ್ಸಿನ ಕೆಂಪು, ಅದರ ಮೇಲೆ ಬೆಳ್ಳಿಯಂಥ ಹೊಟ್ಟು. “ಇಲ್ಲೇ ಶುರುವಾಗಿದ್ದು, ಸಿಸ್ಟರ್. ಕತ್ತಿನದನ್ನ ಡಾಕ್ಟರಿಗೂ ತೋರ್ಸಿಲ್ಲ, ಮನೇಲಿ ಅತ್ತೆಗೂ ಗೊತ್ತಿಲ್ಲ. ಊರವರಿಗೆಲ್ಲ ತುರುಬು ಕಟ್ತೀನಿ. ನಂಗೆ ಕಟ್ಕೊಳ್ಳೋಕೆ ಇವತ್ತು, ಈ ಪೆಟ್ಟಿಗೆ ಒಳಗೆ ಬಂದ್ಮೇಲೇ ಧೈರ್ಯ ಬಂದಿದ್ದು.”

“ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲ ತಾಯಿ!” ಸಿಸ್ಟರ್ ಗದರಿದರು. “ಬೆಳಕು ಬಿದ್ರೆ ತಾನೇ ಚರ್ಮ ಹುಚ್ಚುಚ್ಚಾಗಿ ಬೆಳೆಯೋದು ನಿಧಾನ ಆಗೋದು? ಎದುರು ರೂಮಲ್ಲಿ ಡಾಕ್ಟರಿದ್ದಾರೆ, ತೋರಿಸ್ಕೊಂಡು ಬನ್ನಿ. ಕತ್ತಿಗೆ ಮೊದಲಿಂದ ಶುರು ಮಾಡೋಣ.”

ಅವಳು ಬಟ್ಟೆ ಹಾಕಿಕೊಂಡಳು. ಬಾಗಿಲಾಚೆ ಬೆಂಚಿನ ಮೇಲೆ, ಜೊತೆಗೆ ಬಂದಿದ್ದ ಅತ್ತೆ ಕೂತಿದ್ದರು. ಅವಳ ಕೈ ತಾನಾಗಿಯೇ ತುರುಬಿನ ಕ್ಲಿಪ್ಪಿಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಆ ಕೈ ಕೆಳಗಿಳಿದು ಬಾಗಿಲಿನ ಚಿಲಕ ತೆಗೆಯಿತು.