ಸೀತನಿ ಹೊಗೆಯ ಚಳಿ

ಚಳಿಗಾಲ ಬರುವುದು ನಿಂತು ಹನ್ನೆರಡು ವರ್ಷವಾಗಿತ್ತು. ಕಾರಿನ ಎ.ಸಿ.ಗಳಿಗೆಲ್ಲ ಹಿಂದೆಂದೋ ಹಿಡಿದಿಟ್ಟ ಚಳಿಯನ್ನೇ ತುಂಬುತ್ತಿದ್ದರು.

"ಹಳೇದು ಪೂರಾ ತೆಗದ ಮ್ಯಾಲೇ ಹೊಸಾದು ತುಂಬಬೇಕ್ರಿ ಅಕ್ಕಾರ. ಊಟಿ ಚಳಿ ಬಂದದ, ಛಲೋ ಅದ," ಎಂದ ಕಲಬುರಗಿಯ ಮೆಕ್ಯಾನಿಕ್ ಖಾಜಾಸಾಬ.

ಮಹಾನಂದಾ ತಡೆದಳು. "ಇದರಾಗ ಈಗಿರೂದು ನಮ್ಮ ಹೊಲದ ಚಳಿ. ನಮ್ಮನಿಯವರು ತೀರಿಹೋಗೂಕಿಂತ ಮೊದಲ, ಸೀತನಿ ಸುಡೂ ಮುಂಜಾನಿ ಹಿಡಿದಿಟ್ಟಿದ್ರು. ಎಷ್ಟ ಉಳದದ?"

"ಕಾಲು ತಾಸು ಬಂದ್ರ ಹೆಚ್ಚು."

"ಹಂಗಾದ್ರ ಪಂಪ್ ಆಮ್ಯಾಲ ಹಚ್ಚು. ಈಗ ಹೊರಗ ನಿಂದ್ರು."

ಅವಳು ಕಿಟಕಿಗಳನ್ನು ಏರಿಸಿ ಎ.ಸಿ. ಹಾಕಿದಳು. ಸೀತನಿಯ, ಎಳೆಜೋಳದ ತೆನೆ ಸುಟ್ಟ ಹೊಗೆಯ ವಾಸನೆ ತಣ್ಣಗೆ ಮುಖಕ್ಕೆ ಬಡಿಯಿತು. ಡ್ರೈವರ್ ಸೀಟು ಬಿಟ್ಟು, ಗಂಡ ಓಡಿಸುತ್ತಿದ್ದಾಗಿನಂತೆ ಎಡಗಡೆಗೆ ಸರಿದು ಕುಳಿತಳು. ಮನೆಯಿಂದ ತಂದಿದ್ದ ಶಾಲು ಹೊದ್ದು, ಅದರ ಅರ್ಧವನ್ನು ಖಾಲಿ ಸೀಟಿಗೆ ಹೊದಿಸಿದಳು.