ನಲವತ್ತು ಜನರ ‘ಆಯ್ತು’

“ಅರ್ಥ ಆಯ್ತಾ?” ಎಂದು ಬೆತ್ತದ ಕುರ್ಚಿ ಹೆಣೆಯುವ ಅಮ್ಮ ಕೇಳಿದರು. “ಆಯ್ತು ಮೇಡಂ” ಎಂದು ನಲವತ್ತು ಮಂದಿ ಪ್ರಾಧ್ಯಾಪಕರು ಒಕ್ಕೊರಲಿನಿಂದ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವರು ಸಂಖ್ಯಾಶಾಸ್ತ್ರದ ಮೇಷ್ಟ್ರು. ಅವರಿಗೆ ತಲೆಯೂ ಅರ್ಥವಾಗಿರಲಿಲ್ಲ, ಬುಡವೂ ಅರ್ಥವಾಗಿರಲಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುವುದು ಹೇಗೆ ಎಂಬುದರ ಬಗ್ಗೆ ಎರಡು ದಿನದ ಸಮ್ಮೇಳನ ಅದು. ಕಲಿಸುವವರು ಒಂದು ಗಂಟೆಯಾದರೂ ಕಲಿಯುವವರಾಗಲಿ ಎಂದು ಸಂಘಟಕರು ಎರಡನೆಯ ದಿನ ಬೆಳಿಗ್ಗೆ ಈ ಕಾರ್ಯಾಗಾರ ಇಟ್ಟಿದ್ದರು. ಒಬ್ಬೊಬ್ಬರ ಮುಂದೆಯೂ ಒಂದು ಪುಟ್ಟ ಮರದ ಚೌಕಟ್ಟು. ಅದರಲ್ಲಿ ಉದ್ದ ಎಳೆ, ಅಡ್ಡ ಎಳೆ ಮೊದಲೇ ಹಾಕಿದ್ದರು. ಪಕ್ಕದ ಬೋಗುಣಿಯಲ್ಲಿ ನೆನೆಹಾಕಿದ ಬೆತ್ತದ ಪಟ್ಟಿ. ಒಂದೇ ಒಂದು ಓರೆ ಎಳೆ ಹೆಣೆದು ತೋರಿಸಬೇಕು. ಉದ್ದ ಎಳೆಯ ಮೇಲೆ, ಅಡ್ಡ ಎಳೆಯ ಕೆಳಗೆ, ಅಷ್ಟೇ. ಆ ಅಮ್ಮನ ಬೆರಳು ಓಡುವುದನ್ನು ನೋಡಿದರೆ ಮೇಷ್ಟ್ರ ಮೊಮ್ಮಗಳೂ ಮಾಡಿಬಿಡುವಂತಿತ್ತು.

ಮೇಷ್ಟ್ರು ಪಟ್ಟಿ ತೂರಿಸಿದರು. ಅದು ಹೋಗಬಾರದ ಕಡೆಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಎಳೆದರು, ಜಪ್ಪಯ್ಯ ಎನ್ನಲಿಲ್ಲ. ಸುತ್ತ ಕಣ್ಣಾಡಿಸಿದರೆ ಎಲ್ಲರೂ ತಲೆ ತಗ್ಗಿಸಿಕೊಂಡು ಕೆಲಸದಲ್ಲಿ ಮುಳುಗಿದ್ದರು. ಕೈ ಎತ್ತಿ ಇನ್ನೊಂದು ಸಲ ಹೇಳಿ ಎಂದಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಕೈ ಎತ್ತುವುದು ಹೇಗೆ? ಹನ್ನೊಂದೂವರೆಗೆ ಇದೇ ಸಮ್ಮೇಳನದ ದೊಡ್ಡ ಸಭಾಂಗಣದಲ್ಲಿ ಅವರು ಪ್ರಬಂಧ ಓದಬೇಕಿತ್ತು: ‘ವಿದ್ಯಾರ್ಥಿಗಳು ಸಂದೇಹ ಕೇಳುವುದಿಲ್ಲ ಏಕೆ?’ ಮೂರು ವರ್ಷದ ದುಡಿಮೆ, ಎಂಟುನೂರು ಹುಡುಗ ಹುಡುಗಿಯರ ಸಮೀಕ್ಷೆ, ಹದಿನಾಲ್ಕು ಕೋಷ್ಟಕ. ಉದಾಸೀನವೇ ಕಾರಣ, ಬೇರೇನೂ ಇಲ್ಲ ಎಂಬುದು ಅದರ ಕೊನೆಯ ಸಾಲು. ಈಗ ನೋಡಿದರೆ ಮೇಷ್ಟ್ರಿಗೆ ಉದಾಸೀನ ಎಳ್ಳಷ್ಟೂ ಇರಲಿಲ್ಲ, ಹಣೆಯಲ್ಲಿ ಬೆವರು ಮಾತ್ರ ಧಾರಾಳವಾಗಿತ್ತು.

ಪಕ್ಕದಲ್ಲಿ ಕೂತಿದ್ದವಳು ಅವರ ಹಳೆಯ ಶಿಷ್ಯೆ. ಈಗ ಬೇರೊಂದು ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ.

“ಸಾರ್, ನಿಮಗೆ ಬಂತಾ?” ಎಂದು ಪಿಸುಗುಟ್ಟಿದಳು.

“ಓ, ಬಂತಲ್ಲಮ್ಮ.”

“ಒಂಚೂರು ತೋರಿಸಿ ಸಾರ್.”

“ನೀನೇ ಮಾಡ್ಬೇಕು. ಆಗ್ಲೇ ತಲೆಗೆ ಹತ್ತೋದು,” ಎಂದು ಮೇಷ್ಟ್ರು ಮೊಣಕೈ ಅಡ್ಡ ಇಟ್ಟು ಚೌಕಟ್ಟನ್ನು ಮರೆಮಾಡಿದರು. ಪರೀಕ್ಷೆಯ ಕೋಣೆಯಲ್ಲಿ ಮುಂದಿನ ಬೆಂಚಿನವರು ಹೀಗೆ ಮೊಣಕೈ ಅಡ್ಡ ಇಡುವುದನ್ನು ಮೂವತ್ತು ವರ್ಷ ನೋಡಿದ್ದರು. ಖಾಲಿ ಹಾಳೆಯನ್ನೂ ಹಾಗೆ ಮರೆಮಾಡಬಹುದೆಂದು ಈಗಷ್ಟೇ ಹೊಳೆಯಿತು.

ಕುರ್ಚಿ ಹೆಣೆಯುವ ಅಮ್ಮ ಸಾಲುಗಳ ನಡುವೆ ಒಂದು ಸುತ್ತು ಬಂದು ಮೇಷ್ಟ್ರ ಮೇಜಿನ ಹತ್ತಿರವೇ ನಿಂತರು. “ಯಾರಿಗಾದ್ರೂ ಅರ್ಥ ಆಗಿಲ್ವಾ?”

ತಗ್ಗಿದ್ದ ತಲೆಗಳೆಲ್ಲ ಇನ್ನಷ್ಟು ತಗ್ಗಿದವು. ಮೇಷ್ಟ್ರ ಕೈ ಅರ್ಧ ಮೇಲೆದ್ದು, ಕನ್ನಡಕ ಸರಿಮಾಡಿ ಕೆಳಗಿಳಿಯಿತು. ಇನ್ನೊಮ್ಮೆ ಎದ್ದು ತಲೆ ಕೆರೆದು ಇಳಿಯಿತು. ಕೈ ಎತ್ತಿದರೆ ಮೂರು ವರ್ಷದ ದುಡಿಮೆ ನೀರುಪಾಲು, ಎತ್ತದಿದ್ದರೆ ಸುಳ್ಳು ಬರೆದಿದ್ದೇನೆಂದು ಗೊತ್ತಿದ್ದೂ ವೇದಿಕೆ ಹತ್ತಬೇಕು. ಮೂರನೆಯ ಸಲ ಎದ್ದ ಕೈ ಮೇಲೆಯೇ ನಿಂತಿತು.

“ನನಗೆ ಆಗಿಲ್ಲ ಮೇಡಂ. ಶುರುವಿನಿಂದಾನೇ ಆಗಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ “ನನಗೂ” ಎಂದರು. ಕಿಟಕಿಯ ಪಕ್ಕದಿಂದ ಇನ್ನೊಂದು “ನನಗೂ”. ನೋಡನೋಡುತ್ತಿದ್ದಂತೆ ಕೋಣೆಯ ತುಂಬ ಕೈಗಳು. ಶಿಕ್ಷಣಶಾಸ್ತ್ರ ವಿಭಾಗದವರೊಬ್ಬರಂತೂ ಎರಡೂ ಕೈ ಎತ್ತಿದ್ದರು.

ಆ ಅಮ್ಮ ಉಸ್ಸೆಂದು ಸ್ಟೂಲಿನ ಮೇಲೆ ಕೂತರು. “ಅಬ್ಬ, ಬದುಕಿಸಿದ್ರಿ ಸಾರ್! ಇದೊಂದು ಎಳೆ ನನ್ನ ಕೈಗೆ ಕೂರೋಕೆ ಎಂಟು ತಿಂಗಳು ಬೇಕಾಯ್ತು. ನಮ್ಮಪ್ಪ ಹೇಳಿ ಹೇಳಿ ಸುಸ್ತಾಗಿದ್ರು. ನೀವೆಲ್ಲ ಎಂಟು ನಿಮಿಷಕ್ಕೇ ಬಂತು ಅಂದಾಗ, ಸುಳ್ಳ್ಯಾಕೆ ಹೇಳ್ಲಿ, ಹೊಟ್ಟೆ ಉರಿದುಹೋಯ್ತು.”

ಕೋಣೆಗೆ ಕೋಣೆಯೇ ಘೊಳ್ಳೆಂದಿತು. ಮೇಷ್ಟ್ರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ವರ್ಷದಿಂದ ಹೊತ್ತಿದ್ದದ್ದೇನನ್ನೋ ಇಳಿಸಿದ ಹಾಗೆ ಹಗುರಾಗಿತ್ತು. ನಗು ನಿಂತ ಮೇಲೆ ಶಿಷ್ಯೆಯ ಕಡೆ ತಿರುಗಿದರು.

“ನನ್ನ ಕ್ಲಾಸಲ್ಲೂ ನೀವು ಅರವತ್ತು ಜನ ‘ಆಯ್ತು ಸಾರ್’ ಅಂತಿದ್ರಲ್ಲ, ನಿಜ ಹೇಳು, ಎಷ್ಟು ಜನಕ್ಕೆ ಆಗ್ತಿತ್ತು?”

ಅವಳು ಬೆತ್ತದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಹಿಂದಿನ ಬೆಂಚಲ್ಲಿ ಒಬ್ಬನಿಗೆ ಆಗ್ತಿತ್ತು ಅಂತ ಸುದ್ದಿ ಇತ್ತು ಸಾರ್. ನಾವ್ಯಾರೂ ನಂಬಿರ್ಲಿಲ್ಲ.”

“ಮತ್ತೆ ಕೇಳೋಕೇನಾಗಿತ್ತು?”

“ನೀವು ‘ಅರ್ಥ ಆಯ್ತಾ’ ಅಂತ ಕೇಳ್ತಾ ಕೇಳ್ತಾನೇ ಬೋರ್ಡ್ ಒರೆಸಿಬಿಡ್ತಿದ್ರಿ ಸಾರ್.”

ಮೇಷ್ಟ್ರಿಗೆ ಚುರುಕ್ ಎಂದಿತು. ಎಂಟುನೂರು ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಬೋರ್ಡು ಒರೆಸುವವರ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅಷ್ಟರಲ್ಲಿ ಸಂಘಟಕರೊಬ್ಬರು ಬಾಗಿಲಲ್ಲಿ ಇಣುಕಿದರು.

“ಸಾರ್, ಮುಂದಿನದು ನಿಮ್ಮದೇ. ಹಾಲ್ ತುಂಬಿದೆ. ಒಟ್ಟು ಇಪ್ಪತ್ತೈದು ನಿಮಿಷ. ಕೊನೇಲಿ ಪ್ರಶ್ನೆಗಳಿಗೆ ಅಂತ ಐದು ನಿಮಿಷ ಇಟ್ರೆ ಸಾಕಲ್ವಾ?”

ಮೇಷ್ಟ್ರು ಪ್ರಬಂಧದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

“ಐದು ನಿಮಿಷ ನನ್ನ ಪ್ರಬಂಧಕ್ಕೆ ಸಾಕು. ಉಳಿದಿದ್ದೆಲ್ಲ ಪ್ರಶ್ನೆಗಳಿಗೇ ಇಡಿ. ಮೊದಲನೇ ಪ್ರಶ್ನೆ ನಂದೇ.”